ಸಿದ್ದಗಂಗಮ್ಮನ ತಂತಿ

ನಮ್ಮೂರಿನ ತಂತಿಗೆ ನೆನಪಿನ ಶಕ್ತಿ ಇದೆ ಎಂದರೆ ಬೇರೆ ಊರಿನವರು ನಗುತ್ತಾರೆ. ನಗಲಿ. ಅವರ ಊರುಗಳಲ್ಲಿ ಮನುಷ್ಯರಿಗೇ ಆ ಶಕ್ತಿ ಇದ್ದಂತೆ ನನಗೇನೂ ಕಂಡಿಲ್ಲ. ನಾನು ಕರಿಬಸಪ್ಪ, ನಲವತ್ತು ವರ್ಷ ಮೂಡಗೇರಿಯ ರಾಟೆ ಮೇಸ್ತ್ರಿಯಾಗಿದ್ದವನು. ಹೊಗಳುವುದು ನನ್ನ ಜಾಯಮಾನವಲ್ಲ. ನನ್ನ ಕೈಕೆಳಗೆ ದುಡಿದ ಹನ್ನೆರಡು ಜನರನ್ನು ಕೇಳಿ ನೋಡಿ, ಒಬ್ಬನಾದರೂ ನನ್ನಿಂದ ಭೇಷ್ ಅನ್ನಿಸಿಕೊಂಡಿದ್ದರೆ ಹೇಳಲಿ. ಆದರೂ ಇಬ್ಬರು ಹೆಂಗಸರನ್ನು ಹೊಗಳದೆ ಸತ್ತರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ಒಬ್ಬಳು ಊರ ತಂತಿ ನೋಡಿಕೊಳ್ಳುವ ಓಬಳಮ್ಮ. ಇನ್ನೊಬ್ಬಳು ನನ್ನ ಹೆಂಡತಿ ಸಿದ್ದಗಂಗಮ್ಮ.

ಊರು ಒಂದೇ ಆದರೂ ನಡುವೆ ಕಮರಿ ಬಿದ್ದು ಎರಡಾಗಿದೆ. ಈಚೆ ಮೂಡಗೇರಿ, ಆಚೆ ಪಡುಗೇರಿ. ಬಾವಿಗಳೆಲ್ಲ ಈಚೆ, ಹೊಲಗಳೆಲ್ಲ ಆಚೆ. ಕಟ್ಟಿದ ಹಿರಿಯರ ಬುದ್ಧಿವಂತಿಕೆ ಬಗ್ಗೆ ನಾನೇನೂ ಹೇಳುವುದಿಲ್ಲ. ಕಮರಿ ಇಳಿದು ಹತ್ತಿ ಹೋಗಬಹುದು, ಅದಕ್ಕೆ ಅರ್ಧ ಹಗಲು ಬೇಕು, ಗಟ್ಟಿ ಮೊಣಕಾಲೂ ಬೇಕು. ಉಳಿದದ್ದು ತೂಗುಬುಟ್ಟಿ. ಜನರೂ, ನೀರಿನ ಪೀಪಾಯಿಗಳೂ, ರಾಗಿ ಮೂಟೆಗಳೂ ಅದರಲ್ಲೇ ದಾಟಬೇಕು. ಎರಡೂ ದಂಡೆಯಲ್ಲಿ ಒಂದೊಂದು ದೊಡ್ಡ ರಾಟೆ, ಒಂದೊಂದಕ್ಕೆ ಹನ್ನೆರಡು ಆಳು. ಈಚೆಯವರು ಒಂದು ಮೊಳ ಹಗ್ಗ ಎಳೆದರೆ ಆಚೆಯವರು ಅದೇ ಗಳಿಗೆಯಲ್ಲಿ ಒಂದು ಮೊಳ ಬಿಡಬೇಕು. ತಡವಾದರೆ ಹಗ್ಗ ಸೆಟೆದು ಬುಟ್ಟಿ ನೆಗೆಯುತ್ತದೆ. ಕೆಳಗೆ ನೋಡಿದರೆ ಹದ್ದುಗಳ ಬೆನ್ನು ಕಾಣಿಸುವ ಜಾಗ ಅದು.

ಕೂಗಿದರೆ ಆಚೆಗೆ ಕೇಳಿಸದು, ಗಾಳಿ ಮಾತನ್ನು ತಿಂದುಬಿಡುತ್ತದೆ. ನಾವು ಎಳೆಯುತ್ತಿದ್ದದ್ದು ತಾಳಕ್ಕೆ. ಊರಿನ ನಾನೂರು ಮನೆಯಲ್ಲೂ ಗೋಡೆಗೊಂದು ಗಂಟೆ, ಅದರ ಕೆಳಗೊಂದು ಹಿತ್ತಾಳೆ ಗುಂಡಿ, ಮನೆಯಿಂದ ಮನೆಗೆ ತಂತಿ. ಗುಂಡಿ ಒತ್ತಿದರೆ ಬೇಕಾದವರನ್ನು ಕರೆಯಬಹುದು. ಯಾರೂ ಒತ್ತದಿದ್ದಾಗಲೂ ಗಂಟೆಗಳು ಮೆಲ್ಲಗೆ ಡಣ್, ಡಣ್ ಎನ್ನುತ್ತಲೇ ಇರುತ್ತವೆ, ನಾನೂರೂ ಒಟ್ಟಿಗೆ. ಇದಕ್ಕೆ ಯಜಮಾನನಿಲ್ಲ. ಹೊಸ ಮನೆ ಕಟ್ಟಿ ತಂತಿ ಎಳೆದರೆ ಎಂಟು ಹತ್ತು ದಿನ ಅದರ ಗಂಟೆ ಬಿಕ್ಕಳಿಸಿಕೊಂಡು ತನ್ನ ಪಾಡಿಗೆ ಬಡಿಯುತ್ತದೆ, ಆಮೇಲೆ ಅಕ್ಕಪಕ್ಕದವರ ಸಹವಾಸಕ್ಕೆ ಬಿದ್ದು ಸರಿಹೋಗುತ್ತದೆ. ಆ ತಾಳಕ್ಕೇ ನಮ್ಮ ಹೆಂಗಸರು ಮಜ್ಜಿಗೆ ಕಡೆಯುತ್ತಿದ್ದರು, ಅದಕ್ಕೇ ನಾವು ಹಗ್ಗ ಎಳೆಯುತ್ತಿದ್ದೆವು.

ತಂತಿಗೆ ನೆನಪಿದ್ದ ಮೇಲೆ ಜನ ಹುಷಾರಾಗಿರಬೇಕಾಗುತ್ತದೆ. ಒಬ್ಬರ ಮನೆಗೆ ಹೆಚ್ಚು ಕರೆದಷ್ಟೂ ಆ ದಾರಿ ಸಲೀಸು. ಕೊನೆಗೆ ಬೆರಳು ತಾಗಿದರೆ ಸಾಕು, ಅಲ್ಲಿ ಗಂಟೆ ಬಡಿಯುತ್ತದೆ. ಆರು ತಿಂಗಳು ಮನೆಗೆ ಬೀಗ ಹಾಕಿ ಹೋದರೂ ಆ ಸಲಿಗೆ ಕರಗುವುದಿಲ್ಲ. ಹಾಗಾಗಿ ನಮ್ಮಲ್ಲಿ ಸಿಟ್ಟು ಬಂದಾಗ ಗುಂಡಿ ಮುಟ್ಟಬಾರದು ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಹೆಣ್ಣು ನೋಡಲು ಬಂದವರು ಜಾತಕಕ್ಕೆ ಮೊದಲು ಆ ಮನೆಯ ತಂತಿ ಯಾರ ಯಾರ ಮನೆಗೆ ಸಲೀಸಾಗಿದೆ ಎಂದು ವಿಚಾರಿಸುತ್ತಾರೆ. ತಂತಿಯನ್ನು ಮರೆಸಬೇಕೆಂದರೆ ಅದರ ಎರಡು ತುದಿ ಅದಲುಬದಲು ಮಾಡಿ ಒಂದಷ್ಟು ಹೊತ್ತು ಬಿಡಬೇಕು. ಇದಕ್ಕೆ ಮಗುಚುವುದು ಎನ್ನುತ್ತೇವೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹನ್ನೊಂದನೆಯ ದಿನ ಅವರು ಬಳಸುತ್ತಿದ್ದ ಒಂದು ತಂತಿಯನ್ನು ಮಗುಚುತ್ತೇವೆ. ಸತ್ತವರ ದಾರಿ ತೆರೆದಿಟ್ಟರೆ ಇದ್ದವರಿಗೆ ನೆಮ್ಮದಿ ಇರುವುದಿಲ್ಲ.

ಸಿದ್ದಗಂಗಮ್ಮ ಹುಟ್ಟುಮೂಗಿ. ಕಿವಿ ಚುರುಕು, ಮಾತಿಲ್ಲ. ಗುಡ್ಡದಾಚೆಯ ತಂತಿಯಿಲ್ಲದ ಊರಿನಿಂದ ಅವಳನ್ನು ಮದುವೆಯಾಗಿ ತಂದಾಗ ನನ್ನ ಅಕ್ಕಂದಿರು ಮೂಗು ಮುರಿದಿದ್ದರು. ಬಂದ ಮೊದಲ ವಾರ ಅವಳು ಗುಂಡಿ ಒತ್ತಿದರೆ ಬೀದಿಗೆ ಬೀದಿಯೇ ಡಣಡಣ ಎನ್ನುತ್ತಿತ್ತು. ಒಬ್ಬರು ಉಪ್ಪು ಹಿಡಿದು ಬರುವರು, ಒಬ್ಬರು ಒನಕೆ ಹೊತ್ತು ಬರುವರು, ಒಬ್ಬಳು ಸುಮ್ಮನೆ ಹರಟೆಗೆ ಬರುವಳು. ಸರಿಯಾದದ್ದು ತಂದವರ ಕಡೆಗೆ ಇವಳು ನಗುತ್ತ ಇನ್ನೊಂದು ಸಲ ಒತ್ತುತ್ತಿದ್ದಳು. ಅಷ್ಟೇ ಅವಳು ಮಾಡಿದ್ದು. ಆ ಇನ್ನೊಂದು ಸಲವೇ ತಂತಿಗೆ ಪಾಠವಾಯಿತು. ವರ್ಷಗಳು ಕಳೆದಂತೆ ಮೂರು ಚಿಕ್ಕದು ಒಂದು ಉದ್ದ ಒತ್ತಿದರೆ ಮಜ್ಜಿಗೆ ನಾಗಮ್ಮನಲ್ಲಿ ಮಾತ್ರ ಬಡಿಯತೊಡಗಿತು. ಎರಡು ಉದ್ದಕ್ಕೆ ಸೂಲಗಿತ್ತಿಯಲ್ಲಿ. ಕಡೆಕಡೆಗೆ ಅವಳು ತಂತಿಯಲ್ಲಿ ಚಾಡಿ ಹೇಳುತ್ತಿದ್ದಳು, ಸಮಾಧಾನ ಹೇಳುತ್ತಿದ್ದಳು, ಒಗಟು ಹಾಕುತ್ತಿದ್ದಳು. ಮೂವತ್ತೊಂದು ವರ್ಷದ ಕೃಷಿ ಅದು. ಊರಿನ ಅರ್ಧ ಹೆಂಗಸರಿಗೆ ಅವಳ ಮಾತು ನನ್ನ ಮಾತಿಗಿಂತ ಚೆನ್ನಾಗಿ ತಿಳಿಯುತ್ತಿತ್ತು.

ಏಳು ವರ್ಷದ ಹಿಂದೆ ಪಡುಗೇರಿಯ ಬಿಳಿಗಿರಿ ಮೇಷ್ಟ್ರು ತೀರಿಕೊಂಡರು. ಅವರ ಕೈಯಲ್ಲಿ ಅಕ್ಷರ ತಿದ್ದದವರು ಆ ಕಡೆ ಯಾರೂ ಇರಲಿಲ್ಲ. ಹನ್ನೊಂದನೆಯ ದಿನ ಅವರ ಮಗ ತಂತಿ ಮಗುಚಲು ಹೊರಟಾಗ ಪಕ್ಕದ ಮನೆಯವನು, ಮೇಷ್ಟ್ರು ನಮಗೂ ತಂದೆ ಇದ್ದಂಗೆ, ನಮ್ಮನೆ ತಂತೀನೂ ಮಗುಚುತೀವಿ ಅಂದ. ಅವನು ಮಾಡಿದ ಮೇಲೆ ಎದುರು ಮನೆಯವನು ಬಿಟ್ಟಾನೆಯೇ? ತಾನು ಮಾಡದಿದ್ದರೆ ಮೇಷ್ಟ್ರ ಮೇಲೆ ಪ್ರೀತಿ ಕಮ್ಮಿ ಅಂದುಕೊಂಡಾರು ಎಂಬ ಹೆದರಿಕೆ ಎಲ್ಲರಿಗೂ. ಸಂಜೆಯಾಗುವ ಹೊತ್ತಿಗೆ ಪಡುಗೇರಿಯ ನೂರೆಂಬತ್ತು ಮನೆಯವರೂ ಅಳುತ್ತ ಅಳುತ್ತ ಕಮರಿ ದಾಟುವ ತಂತಿಗಳನ್ನೂ ಸೇರಿಸಿ ಮಗುಚಿಟ್ಟಿದ್ದರು.

ಮಾರನೆಯ ಬೆಳಿಗ್ಗೆ ಮೊದಲ ಬುಟ್ಟಿಗೆ ನಾವು ತಾಳ ಹಿಡಿದು ಎಳೆದರೆ ಹಗ್ಗ ಕಲ್ಲಿಗೆ ಕಟ್ಟಿದಂತೆ ನಿಂತಿತು. ಮುಂದಿನ ಗಳಿಗೆಯಲ್ಲಿ ಸಡಿಲ ಬಿಟ್ಟು ಜೋತುಬಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಬುಟ್ಟಿಯಲ್ಲಿದ್ದ ಇಬ್ಬರು ಹೆಂಗಸರನ್ನು ವಾಪಸ್ಸು ತರುವಷ್ಟರಲ್ಲಿ ನನ್ನ ಬನಿಯನ್ ಹಿಂಡಿದರೆ ಒಂದು ಚೊಂಬು ನೀರು ಬರುವಂತಿತ್ತು. ಪಡುಗೇರಿಯ ಗಂಟೆಗಳು ಒಂದೊಂದೂ ಒಂದೊಂದು ತಾಳಕ್ಕೆ ಬಡಿಯುತ್ತಿದ್ದವು. ಅಂದೇ ಬುಟ್ಟಿ ನಿಲ್ಲಿಸಿದೆ. ಪಡುಗೇರಿಯ ತೊಟ್ಟಿಯಲ್ಲಿ ಹತ್ತು ದಿನಕ್ಕಾಗುವಷ್ಟು ನೀರಿತ್ತು.

ಪಂಚಾಯ್ತಿ ಸೇರಿತು. ಯಜಮಾನ ರುದ್ರಮುನಿಯಪ್ಪ ಕೆಟ್ಟವನಲ್ಲ, ಆದರೆ ಅವಸರದವನು. "ಅರ್ಧ ಊರು ಮರೆತೈತೆ, ಅರ್ಧ ಊರು ನೆನಪಿಟ್ಕೊಂಡೈತೆ. ಇದೇ ಕಣ್ರಪ್ಪಾ ತೊಂದ್ರೆ. ಈಚೆ ಮನೆ ತಂತೀನೂ ಎಲ್ಲ ಮಗುಚಿಬಿಡಾನ. ಎರಡೂ ಕಡೆ ಹೊಸದಾಗಿ ಶುರುವಾದ್ರೆ ತಾನೇ ಕೂಡ್ಕೊಂತವೆ," ಅಂದ. ತಲೆಯಾಡಿಸುವವರು ಹೆಚ್ಚಿದ್ದರು. ಕೊನೆಗೆ ರಾಟೆ ಮೇಸ್ತ್ರಿ ಏನಂತೀಯ ಎಂದು ನನ್ನ ಕಡೆ ತಿರುಗಿದರು. ಬುಟ್ಟಿ ನಡೆಸುವವನಾಗಿ ಹೂಂ ಎನ್ನಬೇಕು. ಹೂಂ ಎಂದರೆ ಮನೆಯಲ್ಲಿ ಕೂತವಳ ನಾಲಿಗೆಯನ್ನು ನಾನೇ ಕೊಯ್ದಂತೆ. ಐವತ್ತು ದಾಟಿದವಳು ಮತ್ತೆ ಮೊದಲಿನಿಂದ ಕಲಿಸಲು ಇನ್ನೊಂದು ಮೂವತ್ತು ವರ್ಷ ಎಲ್ಲಿಂದ ತರಬೇಕು? ಊರಿನವರೆಲ್ಲ ಬಾಯಲ್ಲಿ ಮಾತಾಡಿಕೊಂಡಾರು, ಇವಳೊಬ್ಬಳು ಗೋಡೆಯ ಹತ್ತಿರ ಕೂತು ಉಳಿಯುತ್ತಾಳೆ.

ಆಗ ಹಿಂದಿನಿಂದ ಓಬಳಮ್ಮ ಎದ್ದು ನಿಂತಳು. ನಲವತ್ತರ ಆಸುಪಾಸಿನ ಒಣಕಲು ಹೆಂಗಸು, ಸೊಂಟದಲ್ಲಿ ಇಕ್ಕಳ, ಹೆಗಲ ಮೇಲೆ ತಂತಿಯ ಸುರುಳಿ. ಏಣಿ ಹತ್ತುವವಳಾದ್ದರಿಂದ ಎಲ್ಲರ ಮಾಡಿನ ತೂತೂ ಅವಳಿಗೆ ಗೊತ್ತಿತ್ತು. ಅದಕ್ಕೇ ಅವಳೆಂದರೆ ಜನಕ್ಕೆ ಸ್ವಲ್ಪ ಅಂಜಿಕೆ.

"ಯಜಮಾನ್ರೇ, ನೆಗಡಿ ಬಂತು ಅಂತ ಮೂಗು ಕೊಯ್ಕಂತಾರಾ?" ಅಂದಳು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂದ್ಸಲ ಮಗುಚಿದ್ರೆ ಊರು ಮತ್ತೆ ಒಂದಾಗಾಕೆ ನಮ್ಮ ಮೊಮ್ಮಕ್ಕಳ ಕಾಲ ಬರಬೇಕು. ಅವರ ಕಡೆ ನೂರೆಂಬತ್ತು ಮನೆ ಐತಲ್ಲ, ನನಗೆ ನಾಕು ಮನೆ ಸಾಕು. ಒಂಬತ್ತು ದಿನ ಕೊಡ್ರಿ."

"ನಾಕು ಮನೆ ಸರಿಮಾಡಿದ್ರೆ ನೂರೆಂಬತ್ತು ಸರಿಹೋಗ್ತವಾ?"

"ನಾಕು ಯಾವುವು ಅಂತ ತಿಳೀಬೇಕು, ಅಷ್ಟೇಯ."

ಒಂಬತ್ತು ದಿನಕ್ಕೆ ಯಜಮಾನ ಒಪ್ಪಿದ. ನಾಲ್ಕು ಎಂದರೆ ಯಜಮಾನರ ಬೀಗರ ಮನೆ, ದೊಡ್ಡ ಅಂಕಣದ ಮನೆಗಳು ಇರಬಹುದೆಂದು ನಾವು ಅಂದುಕೊಂಡೆವು. ಓಬಳಮ್ಮ ಕಮರಿ ಇಳಿದು ಹತ್ತಿ ಎರಡು ದಿನ ಪಡುಗೇರಿಯ ಮಾಡಿನ ಮೇಲೆಲ್ಲ ಓಡಾಡಿ ಆರಿಸಿಕೊಂಡು ಬಂದದ್ದು ಬೇರೆಯೇ: ಹಿಟ್ಟಿನ ಗಿರಣಿ, ಕ್ಷೌರದ ಅಂಗಡಿ, ಕುಲುಮೆ, ಮತ್ತೆ ಜಗಳಗಂಟಿ ನಿಂಗಕ್ಕನ ಮನೆ. ನಿಂಗಕ್ಕನ ಹೆಸರು ಕೇಳಿ ಎಲ್ಲರೂ ಗೊಳ್ಳೆಂದು ನಕ್ಕರು. "ನಗ್ರಪ್ಪಾ ನಗ್ರಿ," ಅಂದಳು ಓಬಳಮ್ಮ. "ಆ ಕೇರೀಲಿ ಆವಮ್ಮ ಜಗಳ ಆಡದಿರೋ ಮನೆ ಒಂದೂ ಇಲ್ಲ. ಎಲ್ಲರ ಮನೆಗೂ ಆವಮ್ಮನ ಮನೆಯಿಂದ ತಂತಿ ಹೋಗೈತೆ. ಆವಮ್ಮ ತಾಳಕ್ಕೆ ಬಿದ್ರೆ ನಲವತ್ತು ಮನೆ ಹಿಂದೇನೇ ಬೀಳ್ತಾವೆ." ಅವಳ ಲೆಕ್ಕದ ಮುಂದೆ ಕೆಮ್ಮುವ ಹಾಗಿರಲಿಲ್ಲ.

ಆದರೆ ತೊಂದರೆ ತಂತಿಯಲ್ಲೇ ಇತ್ತು. ಈಚೆಯ ತಾಳವನ್ನು ಆ ನಾಲ್ಕು ಮನೆಗೆ ಮುಟ್ಟಿಸಬೇಕು. ದಾಟುವ ತಂತಿಗಳೋ ಮಗುಚಿ, ನೆನಪಳಿದು ಹಸಿಯಾಗಿದ್ದವು. ಯಾರ ಮನೆಯಿಂದ ಒತ್ತಿದರೂ ಕರೆ ಅರ್ಧ ಕಮರಿಗೇ ಸತ್ತುಹೋಗುತ್ತಿತ್ತು. ಹಸಿ ತಂತಿಯಲ್ಲಿ ಕರೆ ದಾಟಿಸಬೇಕೆಂದರೆ ಹಿಂದೆ ಬಹಳ ಪಳಗಿದ ತಂತಿ ಇರಬೇಕು, ಬೆರಳು ತಾಗಿಸಿದ್ದು ಒಂದಿಷ್ಟೂ ಸೋರದೆ ಮುಂದಕ್ಕೆ ಹೋಗಬೇಕು. ಊರಿನಲ್ಲಿ ಅಂಥದ್ದು ಒಂದೇ ಇತ್ತು. ಮೂರನೆಯ ದಿನ ಮಧ್ಯಾಹ್ನ ಓಬಳಮ್ಮ ನಮ್ಮ ಮನೆಗೆ ಬಂದು ಸಿದ್ದಗಂಗಮ್ಮನ ಎದುರು ಕುಕ್ಕರುಗಾಲಲ್ಲಿ ಕೂತಳು. ನಾನು ರಾಟೆಗೆ ಎಣ್ಣೆ ಬಿಡಲು ಹೊರಟಿದ್ದೆ. ತಿರುಗಿ ಬಂದಾಗ ನಮ್ಮ ಗೋಡೆಯಿಂದ ಹೊಸ ತಂತಿಯೊಂದು ಕಿಟಕಿ ದಾಟಿ ಕಮರಿಯ ಕಡೆ ಹೊರಟಿತ್ತು. ನನ್ನ ಹೆಂಡತಿ ಹಿತ್ತಾಳೆ ಗುಂಡಿಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು.

"ಅಕ್ಕ ಒಪ್ಪವ್ಳೆ ಕಣಣ್ಣ," ಅಂದಳು ಓಬಳಮ್ಮ.

"ಸುಮ್ನೆ ತಂತಿ ಸೇರಿಸಿ ಬಿಟ್ರೆ ಆಗಲ್ವೇನಮ್ಮ? ಇವಳ್ಯಾಕೆ ಕೂತು ಒತ್ತಬೇಕು?"

"ಸೇರಿಸಿ ಬಿಟ್ರೆ ಅವರ ಅಡ್ಡಾದಿಡ್ಡಿ ತಾಳಾನೂ ಈಚೆಗೆ ಹರ್ಕೊಂಡ್ ಬತ್ತದೆ. ಆಗ ನಾವೂ ಕೆಡ್ತೀವಿ. ಒತ್ತೋದು, ಬಿಡೋದು. ಒಂದಷ್ಟು ಸಲ ಕೊಡೋದು, ಆಮೇಲೆ ಅವರ ಪಾಡಿಗೆ ಅವರನ್ನ ಬಿಡೋದು. ಬಿಟ್ಟಾಗಲೇ ಅವು ಕಲಿಯೋದು."

ಅಂದಿನಿಂದ ಸಿದ್ದಗಂಗಮ್ಮ ಬೆಳಿಗ್ಗೆ ಕೂತರೆ ಸಂಜೆ ಏಳುತ್ತಿದ್ದಳು. ಹದಿನಾರು ಒತ್ತು, ಎಂಟು ಬಿಡುವು. ಹದಿನಾರು ಒತ್ತು, ಎಂಟು ಬಿಡುವು. ಬಿಡುವಿನಲ್ಲಿ ಒಂದು ಗುಟುಕು ನೀರು. ನಾನು ಮಾಡಿಟ್ಟ ಮುದ್ದೆ, ಅದರ ಚೆಂದ ಕೇಳಬೇಡಿ, ಎಡಗೈಯಲ್ಲಿ ತಿಂದಳು. ತೋರುಬೆರಳು ಬಾತುಕೊಂಡಾಗ ಬಟ್ಟೆ ಸುತ್ತಿ ನಡುಬೆರಳಿಗೆ ಬದಲಾಯಿಸಿದಳು. ಅವಳ ಒತ್ತಿನಲ್ಲಿ ಒಂದು ಕೂದಲೆಳೆಯಷ್ಟು ಏರುಪೇರಿರಲಿಲ್ಲ. ಹನ್ನೆರಡು ಆಳುಗಳನ್ನು ನಲವತ್ತು ವರ್ಷ ಬೈದೂ ನನಗೆ ಅಂಥ ಒಂದು ಕೈ ಸಿಕ್ಕಿರಲಿಲ್ಲ. ಕಮರಿ ಹತ್ತಿ ಬಂದವರಿಂದ ಆಚೆಯ ಸುದ್ದಿ ತಿಳಿಯತೊಡಗಿತು: ಗಿರಣಿ ತಾಳಕ್ಕೆ ಬಂತು, ಕ್ಷೌರದಂಗಡಿ ಬಂತು, ಕುಲುಮೆ ಬಂತು. ನಿಂಗಕ್ಕನ ಗಂಟೆ ಒಂದು ದಿನ ಹೆಚ್ಚು ಹಠ ಮಾಡಿತು, ಬಂದ ಮೇಲೆ ಮಾತ್ರ ಅರ್ಧ ಕೇರಿಯನ್ನು ಎಳೆದುಕೊಂಡೇ ಬಂತು.

ಏಳನೆಯ ದಿನ ಬುಟ್ಟಿಗೆ ಕಲ್ಲು ತುಂಬಿ ನೋಡಿದೆವು. ಪಡುಗೇರಿ ಒಂದೇ ತಾಳದಲ್ಲಿ ಬಡಿಯುತ್ತಿದೆ ಎಂದು ಓಬಳಮ್ಮ ಆಚೆ ದಂಡೆಯಿಂದ ಬಾವುಟ ತೋರಿಸಿದಳು. ನಾವು ಎಳೆದೆವು. ಮೊದಲ ಎಳೆತಕ್ಕೇ ಹಗ್ಗ ಗಡಗಡ ನಡುಗಿತು. ಆಚೆಯವರೂ ಒಟ್ಟಾಗಿಯೇ ಬಿಡುತ್ತಿದ್ದರು, ಆದರೆ ನಾವು ಎಳೆದು ಮುಗಿಸಿದ ಮೇಲೆ. ಆರನೆಯ ಎಳೆತಕ್ಕೆ ಬುಟ್ಟಿ ಮಗುಚಿ ಕಲ್ಲುಗಳು ಕಮರಿಗೆ ಸುರಿದವು. ಅವು ತಳ ಮುಟ್ಟಿದ ಸದ್ದು ಬಹಳ ಹೊತ್ತಿನ ಮೇಲೆ ಕೇಳಿಸಿತು.

"ಸಾಕು ಕಣಪ್ಪ," ಅಂದ ರುದ್ರಮುನಿಯಪ್ಪ. "ನಾಡಿದ್ದು ಬೆಳಿಗ್ಗೆ ಈಚೆ ಕಡೇನೂ ಮಗುಚಾನ. ಅವರ ನೀರು ಮುಗೀತಾ ಬಂತು."

ಮನೆಗೆ ಬಂದು ನಡೆದದ್ದನ್ನು ಸಿದ್ದಗಂಗಮ್ಮನಿಗೆ ಹೇಳಿದೆ. ಅಳುತ್ತಾಳೇನೋ ಅಂದುಕೊಂಡಿದ್ದೆ. ಅವಳು ಒಂದು ಬೆರಳಿನಲ್ಲಿ ಗುಂಡಿ ಒತ್ತಿ, ಇನ್ನೊಂದು ಕೈಯ ಬೆರಳನ್ನು ಬರಿಯ ತಂತಿಯ ಮೇಲಿಟ್ಟು ಕಣ್ಣು ಮುಚ್ಚಿದಳು. ಮತ್ತೆ ಒತ್ತಿದಳು. ಆಚೆಯ ಗಂಟೆ ಬಡಿದಾಗ ತಂತಿಯಲ್ಲಿ ಸಣ್ಣ ಜುಮ್ಮೆನ್ನುವಿಕೆ ಹಿಂದಿರುಗುತ್ತದಂತೆ; ಅದನ್ನು ಅವಳು ಹಿಡಿದಳು. ಎದ್ದು ಬಂದು ನನ್ನ ಎದೆಗೆ ಒಂದು ಗುದ್ದು ಗುದ್ದಿ, ಬಹಳ ಹೊತ್ತು ತಡೆದು, ತನ್ನ ಎದೆಗೆ ಒಂದು ಗುದ್ದಿಕೊಂಡಳು. ಹಸಿ ತಂತಿಯಲ್ಲಿ ಅವಳ ಒತ್ತು ನಿಧಾನವಾಗಿ ನಡೆದು ಹೋಗುತ್ತಿತ್ತು. ಈಚೆಯ ಡಣ್ ಕೇಳಿ ಒತ್ತಿದರೆ ಆಚೆ ಮುಟ್ಟುವ ಹೊತ್ತಿಗೆ ತಾಳ ಅರ್ಧ ದಾಟಿರುತ್ತಿತ್ತು. ಹಾಗಾದರೆ ಡಣ್ ಬರುವ ಮೊದಲೇ ಒತ್ತಬೇಕು. ಇನ್ನೂ ಬಾರದ ತಾಳಕ್ಕೆ ಅರ್ಧ ಮುಂಚೆ, ದಿನವಿಡೀ, ಒಮ್ಮೆಯೂ ತಪ್ಪದೆ. ನೀವು ಬೇಕಾದರೆ ಹತ್ತು ಸಲ ಪ್ರಯತ್ನಿಸಿ ನೋಡಿ. ಅವಳು ಒಂದೂವರೆ ದಿನ ಒತ್ತಿದಳು. ಕಮರಿ ಹತ್ತಿ ಬಂದ ಓಬಳಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಅಯ್ಯೋ ನನ್ನ ಬುದ್ಧಿಗಿಷ್ಟು! ಹೊರಟಾಗ ಅಲ್ಲ, ಮುಟ್ಟಿದಾಗ ಲೆಕ್ಕ. ಇದು ನನಗೆ ಹೊಳೀಲಿಲ್ವಲ್ಲಕ್ಕಾ," ಎಂದು ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಓಬಳಮ್ಮ ಬೇರೆಯವರಿಗೆ ತಲೆ ಬಾಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಒಂಬತ್ತನೆಯ ಬೆಳಿಗ್ಗೆ ಮಗುಚಲು ಜನ ಇಕ್ಕಳ ಹಿಡಿದೇ ಬಂದಿದ್ದರು. ಕಲ್ಲು ಹಾಕಿ ಇನ್ನೊಂದು ಸಲ ನೋಡೋಣ ಅಂದೆ. ರುದ್ರಮುನಿಯಪ್ಪ ಒಪ್ಪಲಿಲ್ಲ. ಕಲ್ಲು ದಾಟಿದರೆ ಜನ ನಂಬಿ ಹತ್ತುತ್ತಾರಾ ಎಂದು ಅವನ ಪ್ರಶ್ನೆ. ಓಬಳಮ್ಮ ವಾದಕ್ಕೆ ನಿಲ್ಲದೆ ಸೀರೆಯ ಸೆರಗು ಬಿಗಿದು ಬುಟ್ಟಿಗೆ ಹತ್ತಿ ಕೂತಳು. "ಎಳೀರಣ್ಣಾ, ಬಿಸಿಲೇರ್ತದೆ," ಅಂದಳು.

ನಾನು ರಾಟೆಯ ಹಿಡಿಗೆ ಕೈ ಹಾಕಿದೆ. ಡಣ್. ಎಳೆದೆವು. ಹಗ್ಗ ಬಂತು. ಡಣ್. ಮತ್ತೆ ಬಂತು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ. ನಡುಗಮರಿಯ ಗಾಳಿಯಲ್ಲೂ ಬುಟ್ಟಿ ಜೋಲಿ ಹೊಡೆಯಲಿಲ್ಲ. ಇಪ್ಪತ್ತನಾಲ್ಕು ಆಳು, ನಾನೂರು ಗಂಟೆ, ನಡುವೆ ನೂಲಿನಂಥ ಒಂದು ತಂತಿ, ಅದರ ತುದಿಯಲ್ಲಿ ಬಾತ ಬೆರಳಿನ ಒಬ್ಬ ಹೆಂಗಸು. ನಾನು ರಾಟೆ ತಿರುಗಿಸುತ್ತ ನನ್ನ ಆಳುಗಳೆದುರೇ ಅತ್ತುಬಿಟ್ಟೆ. ಓಬಳಮ್ಮ ಆಚೆ ಇಳಿದು ಸೆರಗು ಬೀಸಿದಳು. ತಿರುಗಿ ಬರುವ ಬುಟ್ಟಿಯಲ್ಲಿ ಖಾಲಿ ಪೀಪಾಯಿಗಳು ಬಂದವು, ಅವನ್ನು ತುಂಬಿಸಿ ಕಳಿಸಿದೆವು. ರುದ್ರಮುನಿಯಪ್ಪನೇ ಬಂದವರ ಇಕ್ಕಳಗಳನ್ನೆಲ್ಲ ಕಿತ್ತುಕೊಂಡು ಚೀಲಕ್ಕೆ ಹಾಕಿದ.

ಎರಡು ದಿನದ ಮೇಲೆ ಪಡುಗೇರಿ ತಾನಾಗಿ ತಾಳ ಹಿಡಿಯಿತು. ಇನ್ನು ಒತ್ತುವುದು ಬೇಡ ಎಂದು ಓಬಳಮ್ಮ ಹೇಳಿ ಕಳಿಸಿದಳು. ಮಾರನೆಯ ಬೆಳಿಗ್ಗೆ ನಾನು ಊಟಕ್ಕೆ ಕೂತಾಗ ಮಜ್ಜಿಗೆ ಇರಲಿಲ್ಲ. ಸಿದ್ದಗಂಗಮ್ಮ ಗುಂಡಿ ಒತ್ತಿದ್ದನ್ನು ನಾನೇ ನೋಡಿದ್ದೆ. ನಾಗಮ್ಮನನ್ನು ಹೋಗಿ ಕೇಳಿದರೆ, "ನಮ್ಮನೆ ಗಂಟೆ ಬಡೀಲೇ ಇಲ್ವಲ್ಲಣ್ಣ," ಅಂದಳು. ಸೂಲಗಿತ್ತಿಯ ಮನೆಯಲ್ಲೂ ಬಡಿದಿರಲಿಲ್ಲ. ನೇರ ಓಬಳಮ್ಮನ ಮನೆಗೆ ಹೋದೆ.

ಅವಳು ಏಣಿಯ ಮೆಟ್ಟಿಲಿಗೆ ಹುರಿ ಕಟ್ಟುತ್ತಿದ್ದಳು. ಮುಖ ಎತ್ತಲಿಲ್ಲ. "ಎಂಟು ದಿನ ಅದರೊಳಗೆ ಬರೀ ತಾಳ ಹರಿದೈತೆ, ಅಣ್ಣ. ಆ ತಂತಿಗೆ ಈಗ ಅದೊಂದೇ ಗೊತ್ತು. ಅಕ್ಕ ಏನೊತ್ತಿದ್ರೂ ಪಡುಗೇರಿಗೆ ಹೋಗಿ ತಾಳದಾಗೆ ಸೇರ್ಕೊಂತದೆ."

"ಇದು ನಿನಗೆ ಮೊದ್ಲೇ ಗೊತ್ತಿತ್ತಾ?"

"ನನಗೂ ಗೊತ್ತಿತ್ತು, ಅಕ್ಕಂಗೂ ಗೊತ್ತಿತ್ತು. ಮೊದಲ ದಿನಾನೇ ಹೇಳ್ದೆ. ಎಲ್ಲರದ್ದೂ ಹೋಗೋ ಬದ್ಲು ನನ್ನದೊಂದು ಹೋಗ್ಲಿ ಅಂತ ಬೆರಳಲ್ಲಿ ತಟ್ಟಿ ಹೇಳಿದ್ಲು. ನಿಮಗೆ ಹೇಳಬೇಡ ಅಂದ್ಲು. ಹೇಳಿದ್ರೆ ಬಿಡ್ತಿದ್ರಾ ನೀವು?"

ಬಿಡುತ್ತಿರಲಿಲ್ಲ. ಬಾವಿಗಳಿರುವ ದಂಡೆಯವನು ನಾನು, ಆಚೆಯವರು ಬಾಯಾರಿ ಸತ್ತರೂ ಬಿಡುತ್ತಿರಲಿಲ್ಲವೇನೋ. ನಾನು ಅಂಥವನು ಎಂದು ಅವಳಿಗೆ ಗೊತ್ತಿತ್ತು, ಅದನ್ನು ನಾನು ತಿಳಿದುಕೊಂಡದ್ದು ಆ ಏಣಿಯ ಹತ್ತಿರ. ಓಬಳಮ್ಮನಿಗೆ ಬೈಯಲು ತಂದಿದ್ದ ಮಾತುಗಳನ್ನು ಹಾಗೇ ಹೊತ್ತುಕೊಂಡು ಮನೆಗೆ ಬಂದೆ.

ಸಿದ್ದಗಂಗಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಗಂಟೆ ತನ್ನ ಪಾಡಿಗೆ ಡಣ್ ಎನ್ನುತ್ತಿತ್ತು. ನಾನು ಎದುರಿಗೆ ಕೂತು, "ಎಲ್ಲ ಹೇಳಿದ್ಲು ಓಬಳಮ್ಮ," ಅಂದೆ. ಅವಳು ಅವರೆಕಾಯಿ ಪಕ್ಕಕ್ಕಿಟ್ಟಳು. ನನ್ನ ಕೈ ಎಳೆದುಕೊಂಡು ಬಿಡಿಸಿ, ಅಂಗೈ ಮೇಲೆ ಬೆರಳಿನಿಂದ ಏನೋ ತಟ್ಟಿದಳು. ಊರಿನ ಹೆಂಗಸರೆಲ್ಲ ಕಲಿತ ಮಾತನ್ನು ನಾನು ಕಲಿತಿರಲೇ ಇಲ್ಲ. ನಾನು ದಿನವಿಡೀ ರಾಟೆಯ ಬಳಿ ಇರುವವನು, ಮನೆಗೆ ಬಂದರೆ ಊಟ ಬಡಿಸಿರುತ್ತಿತ್ತು, ತಿಳಿಯಬೇಕಾದ್ದನ್ನು ತಂತಿ ತಿಳಿದುಕೊಂಡಿರುತ್ತಿತ್ತು. ಮೂವತ್ತೊಂದು ವರ್ಷ ಅವಳ ಪಕ್ಕದಲ್ಲೇ ಉಂಡು ಮಲಗಿದ್ದೇನೆ, ಅವಳ ಒಂದು ಒಗಟು ನನಗೆ ಗೊತ್ತಿರಲಿಲ್ಲ.

ಅವಳು ಮತ್ತೆ ತಟ್ಟಿದಳು. ಅರ್ಥವಾಗುವುದಿರಲಿ, ತಟ್ಟಿದ್ದೇ ಸರಿಯಾಗಿ ತಾಗಲಿಲ್ಲ. ನಲವತ್ತು ವರ್ಷ ಹಗ್ಗ ಎಳೆದ ಅಂಗೈ, ಜಡ್ಡುಗಟ್ಟಿ ಹಲಗೆಯಾಗಿತ್ತು. ನಾನು ಅಂಗಿಯ ತೋಳು ಮೇಲಕ್ಕೆ ಸರಿಸಿ, ನಾಡಿ ಹಿಡಿಯುವಲ್ಲಿ ಚರ್ಮ ಇನ್ನೂ ಮೆತ್ತಗಿದ್ದ ಜಾಗವನ್ನು ಅವಳ ಮುಂದೆ ಚಾಚಿದೆ.

"ಇನ್ನೊಂದ್ಸಲ ಹೇಳು," ಅಂದೆ. "ನಿಧಾನಕ್ಕೆ."